ಜಡಿಮಳೆಯಲ್ಲಿ ಹಲಸಿನ ಹಪ್ಪಳ ಒಣಗಿಸಿದ ನನ್ನ ಅನುಭವ

ಬಕ್ಕೆ ಹಲಸು ಹಪ್ಪಳದ ಹದಕ್ಕೆ ಬರುವ ಹೊತ್ತಿಗೆ ನಮ್ಮ ಬ್ರಹ್ಮಾವರದ ಕಡೆ ಮಳೆ ಹಿಡಿದುಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆವಾಸನೆ, ಚಾವಡಿಯ ಫ್ಯಾನಿನಡಿ ಹರಡಿದರೆ ಮೂರನೇ ದಿನಕ್ಕೆ ಬೂಸ್ಟು. ಅತಿಗೆಂಪು ಕಿರಣದಲ್ಲಿ, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣದಲ್ಲಿ, ಒಣಗಿಸುತ್ತೇನೆ ಎಂದಾಗ, "ಬಿಸಿಲು ಕಾಣದ ಹಪ್ಪಳ ಅರಳುವುದುಂಟಾ?" ಎಂದು ಅತ್ತೆಯೇ ಕೇಳಿದ್ದರು, ಈ ಸಲ ಆಟಿಯಲ್ಲಿ (ತುಳುನಾಡಿನ ಜಡಿಮಳೆಯ ತಿಂಗಳು) ಒಣಗಿದ ಹಪ್ಪಳವನ್ನು ಅವರೇ ತೆಂಗಿನೆಣ್ಣೆಯಲ್ಲಿ ಕರಿದು ನೆರೆಮನೆಗಳಿಗೆ ಹಂಚಿದರು.

ಮೊದಲ ವರ್ಷ ಹ್ಯಾಲೊಜನ್ ದೀಪಗಳಿಗೆ ಸುಮಾರು 7,000 ರೂಪಾಯಿ ಸುರಿದು ಕಳೆದುಕೊಂಡೆ. ಕಣ್ಣು ಕುಕ್ಕುವ ಬೆಳಕಿನಡಿ ಅರ್ಧ ಗಂಟೆ ಇಟ್ಟು ತೆಗೆದಾಗ ಹಪ್ಪಳದ ಮೈಮೇಲಿನ ಒಣಮೆಣಸಿನ ಚೂರುಗಳು ಕರಟಿ ಕಪ್ಪಾಗಿದ್ದವು, ಅವುಗಳ ಸುತ್ತಲಿನ ಬಿಳಿಚಿದ ಹಿಟ್ಟು ಮಾತ್ರ ಇನ್ನೂ ಬೆರಳಿಗೆ ಅಂಟುತ್ತಿತ್ತು. ಆ ಚೂರುಗಳನ್ನು ನೋಡುತ್ತಿದ್ದಾಗಲೇ ವಿಷಯ ಹೊಳೆಯಿತು. ಹ್ಯಾಲೊಜನ್ ಕಿರಣದ ದೊಡ್ಡ ಪಾಲಿನ ಅಲೆಯುದ್ದ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನದು. ಗಾಢಬಣ್ಣದ ಚೂರು ಅದನ್ನು ಹೀರುತ್ತದೆ, ಬಿಳಿ ಹಿಟ್ಟು ಬಹುಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ. ನೀರು ಬಲವಾಗಿ ಹೀರುವುದು 3 ಮೈಕ್ರಾನ್ ಹತ್ತಿರದ ಕಿರಣವನ್ನು.

ಹಾಗಾಗಿ ಬೆಳಕೇ ಕಾಣದ ಸೆರಾಮಿಕ್ ಹೀಟರ್‌ಗೆ ಬಂದೆ. 450 ಡಿಗ್ರಿಯಲ್ಲಿ ಅದರ ಕಿರಣ 4 ಮೈಕ್ರಾನ್ ಸುತ್ತ ಹೆಚ್ಚು, ನೀರಿಗೆ ಬೇಕಾದದ್ದೂ ಅದರೊಳಗೇ ಬರುತ್ತದೆ. 500 ವಾಟ್‌ನ ಆರು ಹೀಟರ್, ಹಿಂದೆ ಹೊಳಪಿನ ಅಲ್ಯುಮಿನಿಯಂ ತಗಡು, ಪೆಟ್ಟಿಗೆ, ಥರ್ಮೋಸ್ಟಾಟ್ ಎಲ್ಲ ಸೇರಿ 18,000 ರೂಪಾಯಿ ಆಗಿರಬೇಕು. ಆದರೂ ಮೊದಲ ನಾಲ್ಕು ಒಬ್ಬೆ ಕೆಟ್ಟಿತು: ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ತೇವ ಸಿಕ್ಕಿಕೊಂಡಿತ್ತು, ಪೆಟ್ಟಿಗೆಯೊಳಗಿನ ಆವಿ ಹೊರಹೋಗಲು ದಾರಿಯಿರಲಿಲ್ಲ. ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಉರಿಯನ್ನು ಬಿಟ್ಟು ಬಿಟ್ಟು ಕೊಡತೊಡಗಿದ ಮೇಲೆ ನೂರು ಹಪ್ಪಳ ಮೂರು ಗಂಟೆಯಲ್ಲಿ, ಐದಾರು ಯೂನಿಟ್ ಕರೆಂಟಿನಲ್ಲಿ ಒಣಗುತ್ತಿವೆ. ಎಷ್ಟು ನಿಮಿಷ ಉರಿಸಿ ಎಷ್ಟು ನಿಮಿಷ ಬಿಡಬೇಕೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದಕ್ಕಾಗಿ ಎರಡು ಮಳೆಗಾಲ ತೆತ್ತಿದ್ದೇನೆ.

ನಡುವೆ, ಧೂಳು ಬೀಳದಿರಲೆಂದು ಹಪ್ಪಳದ ಮೇಲೆ ಗಾಜಿನ ಹಲಗೆ ಇಟ್ಟು ನೋಡಿದೆ. ಈ ಕಿರಣದ ಬಹುಪಾಲನ್ನು ಗಾಜು ತಾನೇ ನುಂಗಿ ಮುಟ್ಟಲಾಗದಷ್ಟು ಕಾಯಿತು, ಹಪ್ಪಳ ಹಸಿಯಾಗಿಯೇ ಉಳಿಯಿತು. ಕಿರಣ ನೋಡಿ ಶಾಖ ಅಳೆಯುವ ಗನ್ ಥರ್ಮಾಮೀಟರನ್ನು ಹೊಳಪಿನ ತಗಡಿಗೆ ಹಿಡಿದು ನಂಬಬೇಡಿ. ಅದು 40 ಡಿಗ್ರಿ ತೋರಿಸಿದ ತಗಡಿಗೆ ತಾಗಿ ನನ್ನ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು.

ಪುನರ್ಪುಳಿ (ಕೋಕಂ) ಸಿಪ್ಪೆಯನ್ನೂ ಒಣಗಿಸಿದೆ. ಸಿಪ್ಪೆ ದಪ್ಪ, ಕಿರಣ ಮೇಲ್ಪದರದಲ್ಲೇ ನಿಲ್ಲುತ್ತದೆ, ಒಳಗಿನ ರಸ ಮೇಲೆ ಬರುವ ತನಕ ಕಾಯಬೇಕು. ಒಂಬತ್ತು ಗಂಟೆ ಹಿಡಿಯಿತು, ಕರೆಂಟಿನ ಖರ್ಚು ಹುಟ್ಟಲಿಲ್ಲ. ಅದನ್ನು ಈಗಲೂ ಮೇ ತಿಂಗಳ ಬಿಸಿಲಿಗೇ ಹಾಕುತ್ತೇನೆ.