ದಕ್ಷಿಣ ರೋನ್ ಕಣಿವೆಯ ಮೂರು ದ್ರಾಕ್ಷಿಗಳು ಮತ್ತು ನನ್ನ ದೋಬ್

ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ನಗರಕ್ಕೆ ಬಂದ ಮೊದಲ ಎರಡು ವರ್ಷ ನಾನು ಕೆಂಪು ವೈನನ್ನು ಸೀಸೆಯ ಮೇಲಿನ ಊರಿನ ಹೆಸರು ನೋಡಿ ಕೊಳ್ಳುತ್ತಿದ್ದೆನೇ ಹೊರತು ಒಳಗೆ ಯಾವ ದ್ರಾಕ್ಷಿಯಿದೆ ಎಂದು ವಿಚಾರಿಸಿದವನಲ್ಲ. ಇಲ್ಲಿನ ಬಹುಪಾಲು ಕೆಂಪು ವೈನು ಗ್ರೆನಾಶ್, ಸಿರಾ, ಮೂರ್ವೆದ್ರ್ ತಳಿಗಳ ಮಿಶ್ರಣ. ಸ್ವಲ್ಪ ಉತ್ತರಕ್ಕಿರುವ ಷಾತೋನಫ್-ದ್ಯು-ಪಾಪ್‌ನ ವೈನಿಗೆ 1936ರಲ್ಲಿ ಅಧಿಕೃತ ಮನ್ನಣೆ ದೊರೆಯಿತು. ಅಲ್ಲಿ ಸಾಂಪ್ರದಾಯಿಕವಾಗಿ 13 ತಳಿಗಳನ್ನು, ಬಣ್ಣಭೇದಗಳನ್ನು ಬೇರೆಯಾಗಿ ಎಣಿಸಿದರೆ 18 ತಳಿಗಳನ್ನು ಬಳಸಬಹುದು. ಇಷ್ಟೊಂದು ತಳಿಗಳು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ನಾಲಿಗೆಯಿಂದಲೇ ಕಂಡುಕೊಳ್ಳಬೇಕೆನಿಸಿ, ಮೂರು ತಳಿಗಳ ಬಿಡಿ ವೈನುಗಳನ್ನೂ ಒಂದು ಅಳತೆ ಜಾಡಿಯನ್ನೂ ತಂದು ಅಡುಗೆಮನೆಯಲ್ಲಿ ಕುಳಿತೆ.

ಗ್ರೆನಾಶ್ ತೆಳು ಬಣ್ಣದ್ದು. ಮಾಗಿದ ಸ್ಟ್ರಾಬೆರಿಯ ಪರಿಮಳವೂ ಗಂಟಲಿಗೆ ಇಳಿಯುವಾಗ ಆಲ್ಕೋಹಾಲಿನ ಬಿಸುಪೂ ಧಾರಾಳವಾಗಿದ್ದವು, ಆದರೆ ರುಚಿ ಬೇಗ ಕರಗಿಹೋಯಿತು. ಸಿರಾ ಕಡುನೇರಳೆಯಾಗಿತ್ತು, ಮೂಗಿಗೆ ಹಿಡಿದೊಡನೆ ಕಾಳುಮೆಣಸು ನೆನಪಾಯಿತು. ಇದು ಬರಿಯ ಹೋಲಿಕೆಯಲ್ಲ: ರೊಟಂಡೋನ್ ಎಂಬ ಒಂದೇ ಸಂಯುಕ್ತ ಸಿರಾದಲ್ಲಿಯೂ ಕಾಳುಮೆಣಸಿನಲ್ಲಿಯೂ ಇದೆಯೆಂದು 2008ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದ್ದಾರೆ. ಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ತೋಟದಲ್ಲಿ ಬೆಳೆದ ನನಗೆ ಆ ಲೋಟವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಮೂರ್ವೆದ್ರ್ ಮಾತ್ರ ಕಠಿಣವಾಗಿತ್ತು. ಎಳೆ ಅಡಿಕೆ ಅಗಿದಾಗ ಬಾಯಿಯನ್ನು ಹಿಡಿದುಕೊಳ್ಳುವಂಥ ಒಗರು, ಅದರ ಹಿಂದೆ ತೊಗಲಿನ, ಹಸಿ ಮಣ್ಣಿನ ವಾಸನೆ. ತಡವಾಗಿ ಮಾಗುವ ಈ ಬಳ್ಳಿಗೆ ತಲೆ ಬಿಸಿಲಿನಲ್ಲಿ, ಕಾಲು ನೀರಿನಲ್ಲಿ ಇರಬೇಕು ಎಂದು ಬೆಳೆಗಾರರು ಹೇಳುತ್ತಾರೆ.

ನೂರು ಮಿಲಿಲೀಟರಿಗೆ ಗ್ರೆನಾಶ್ 60, ಸಿರಾ 30, ಮೂರ್ವೆದ್ರ್ 10ರಂತೆ ಬೆರೆಸಿದಾಗ ಬಣ್ಣ ಗಾಢವಾಯಿತು, ಹಣ್ಣಿನ ರುಚಿ ಮುಗಿಯುವಲ್ಲಿ ಮೆಣಸಿನ ಘಮ ಮುಂದುವರಿಯಿತು, ಒಗರು ಕೊನೆಯಲ್ಲಷ್ಟೇ ತಿಳಿಯಿತು. ಮೂರ್ವೆದ್ರನ್ನು 30ಕ್ಕೆ ಏರಿಸಿದಾಗ ವೈನು ಬಿಗಿಯಾಯಿತು. ಬರಿದೇ ಕುಡಿಯಲು ನನಗೆ ರುಚಿಸದ ಆ ಲೋಟವೇ ಊಟದ ಜೊತೆಗೆ ಎಲ್ಲಕ್ಕಿಂತ ಹೊಂದಿಕೆಯಾದದ್ದು ನನ್ನ ಮಟ್ಟಿಗೆ ಆ ದಿನದ ದೊಡ್ಡ ಪಾಠ.

ಆ ಊಟ ದೋಬ್, ಅಂದರೆ ಮಾಂಸವನ್ನು ವೈನಿನಲ್ಲಿ ನಿಧಾನವಾಗಿ ಬೇಯಿಸುವ ಇಲ್ಲಿನ ಅಡುಗೆ. ಒಂದೂವರೆ ಕಿಲೋ ದನದ ಮಾಂಸವನ್ನು, ಕೊಬ್ಬು ಮತ್ತು ನಾರು ಚೆನ್ನಾಗಿರುವ ಭುಜದ ಭಾಗವನ್ನೇ ಆರಿಸಿ, ದೊಡ್ಡ ತುಂಡು ಮಾಡಿ, ಒಂದು ಸೀಸೆ ಸಾಧಾರಣ ಕೋತ್-ದ್ಯು-ರೋನ್ ವೈನಿನಲ್ಲಿ ಈರುಳ್ಳಿ, ಗಜ್ಜರಿ, ಬೆಳ್ಳುಳ್ಳಿ, ಥೈಮ್, ಫ್ರಾನ್ಸಿನ ಬೇ ಎಲೆ, ಕಿತ್ತಳೆಯ ಒಣಸಿಪ್ಪೆಗಳೊಂದಿಗೆ ರಾತ್ರಿಯಿಡೀ ನೆನೆಸುತ್ತೇನೆ. ಮರುದಿನ ಮುಚ್ಚಿದ ಪಾತ್ರೆಯಲ್ಲಿ, ಕುದಿ ಬಾರದಷ್ಟು ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸಿ ಕೊನೆಗೆ ಕಪ್ಪು ಆಲಿವ್ ಹಾಕುತ್ತೇನೆ. ನಾರು ಕರಗಿ ರಸ ಅಂಟಂಟಾದ ಮೇಲೆ ಮೂರ್ವೆದ್ರಿನ ಒಗರಿಗೆ ಹಿಡಿದುಕೊಳ್ಳಲು ಪ್ರೋಟೀನು ಮತ್ತು ಕೊಬ್ಬು ಸಿಗುತ್ತವೆ, ಹಾಗಾಗಿ ಬಾಯಿ ಒಣಗುವುದಿಲ್ಲ. ಬೆಳ್ಳುಳ್ಳಿ ಮತ್ತು ರೋಸ್‌ಮರಿ ಚುಚ್ಚಿ ಸುಟ್ಟ ಕುರಿಯ ತೊಡೆಗೂ ಇದೇ ಮಾತು ಸಲ್ಲುತ್ತದೆ.

ಒಮ್ಮೆ ಅತಿಥಿಗಳಿಗೆಂದು ದೋಬಿಗೆ ಊರಿನಿಂದ ತಂದ ಮೆಣಸಿನಕಾಯಿ ಪುಡಿಯನ್ನು ಎರಡು ಚಮಚ ಹಾಕಿ ಇಡೀ ಊಟವನ್ನು ಕೆಡಿಸಿದೆ. ಖಾರ ನಾಲಿಗೆಗೆ ತಾಗಿದ ಮೇಲೆ ಶೇಕಡ 14ಕ್ಕೂ ಮೀರಿದ ಆಲ್ಕೋಹಾಲು ಉರಿಯಂತೆಯೇ ತಾಕುತ್ತದೆ, ಹಣ್ಣಿನ ರುಚಿ ಅಡಗುತ್ತದೆ. ಜೊತೆಗೆ ಅದು ಜುಲೈ ತಿಂಗಳು, ಮನೆಯೊಳಗೆ 28 ಡಿಗ್ರಿ. ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕೊಡಬೇಕೆಂಬ ಹಳೆಯ ಮಾತನ್ನು ಹಾಗೆಯೇ ನಂಬಿದ್ದೆ. ಈಗ ಬೇಸಿಗೆಯಲ್ಲಿ ಸೀಸೆಯನ್ನು ಒಂದು ಗಂಟೆಗೂ ಮಿಕ್ಕಿ ಫ್ರಿಜ್ಜಿನಲ್ಲಿಟ್ಟು 16–17 ಡಿಗ್ರಿಗೆ ತಂದೇ ಬಡಿಸುತ್ತೇನೆ. ಖಾರದ ಬದಲು ಹೊಸದಾಗಿ ಕುಟ್ಟಿದ ಕಾಳುಮೆಣಸು ಸಾಕು. ಸಿರಾ ಹೆಚ್ಚಿರುವ ಸೀಸೆಯಾದರೆ ಅದು ವೈನಿನ ಘಮವನ್ನು ಮೇಲೆತ್ತುತ್ತದೆ.

ಮಾಂಸ ತಿನ್ನದ ಗೆಳೆಯರಿಗೆ ಬದನೆಕಾಯಿ, ಟೊಮೇಟೊ, ದೊಣ್ಣೆಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ರಟಟೂಯಿ ಮಾಡುತ್ತೇನೆ, ಆಗ ಗ್ರೆನಾಶ್ ಮುಂದಿರುವ, ಒಗರು ಕಡಿಮೆಯಾದ ಸೀಸೆಯನ್ನು ತೆರೆಯುತ್ತೇನೆ. ವಿನೆಗರ್ ಹಾಕಿದ ಸಲಾಡಿಗೂ ಬಿಳಿ ಮೀನಿಗೂ ಈ ವೈನನ್ನು ನಾನು ಕೊಡುವುದಿಲ್ಲ.

ಉಳಿದ ದೋಬ್ ಮರುದಿನಕ್ಕೆ ಇನ್ನಷ್ಟು ರುಚಿಯಾಗುವುದರಿಂದ, ಅರ್ಧ ಸೀಸೆಯನ್ನೂ ಬಿರಡೆ ಹಾಕಿ ಎತ್ತಿಡುತ್ತೇನೆ. ಬರೀ ಗ್ರೆನಾಶ್ ಆದರೆ ಗಾಳಿ ತಾಗಿ ಬೇಗ ಸೊರಗುತ್ತದೆ. ಮೂರ್ವೆದ್ರ್ ಸೇರಿದ ಸೀಸೆ ಮರುದಿನ ಮಧ್ಯಾಹ್ನಕ್ಕೂ ಗಟ್ಟಿಯಾಗಿ ನಿಂತಿರುತ್ತದೆ.