ಕೋಡಿಬಾಗದ ಬಾರಿನಲ್ಲಿ ಒಂದು ಸಂಜೆ: ಮುರುಗಲು, ಗೇರುಹಣ್ಣು, ತಿಸರೆ

ಬೆಂಗಳೂರಿನಲ್ಲಿ ಆರು ವರ್ಷ ಬಾರ್ ಕೌಂಟರಿನ ಹಿಂದೆ ನಿಂತವನು ನಾನು. ಊರಿಗೆ ಬಂದು ಕಾರವಾರದ ಕೋಡಿಬಾಗದಲ್ಲಿ ಮಾವನ ಬಾರಿಗೆ ಸೇರಿಕೊಂಡಾಗ ಅಲ್ಲಿ ಒಂದು ಶೇಕರ್ ಕೂಡ ಇರಲಿಲ್ಲ. ಕ್ವಾರ್ಟರ್, ಸೋಡಾ, ಶೇಂಗಾ, ಕಬಾಬ್. ಗಿರಾಕಿಗಳೂ ಅಷ್ಟಕ್ಕೇ ಖುಷಿಯಾಗಿದ್ದರು. ಆದರೂ ಒಂದು ಶನಿವಾರ ನನಗೆ ಬಿಟ್ಟುಕೊಡಿ ಎಂದು ಮಾವನ ಬೆನ್ನು ಬಿದ್ದೆ. "ಲುಕ್ಸಾನಾದ್ರೆ ನಿನ್ನ ಪಗಾರದಲ್ಲೇ ಹಿಡೀತೇನೆ ನೋಡು" ಅಂದರು. ಏಪ್ರಿಲ್ ಕೊನೆಯ ಶನಿವಾರ ಅಂತಾಯಿತು. ಏಳು ಟೇಬಲ್, ಮೂರು ಕಾಕ್‌ಟೇಲ್, ನಾಲ್ಕು ಸಣ್ಣ ತಟ್ಟೆ.

ಕೇಳಿದವರೆಲ್ಲ ಮೊದಲು ಹೇಳಿದ್ದು ಒಂದೇ ಮಾತು: "ಫೆನಿ ಹಾಕೋ." ಗೇರುಹಣ್ಣಿನಿಂದ ಇಳಿಸುವ ಗೋವಾದ ಮದ್ಯ ಅದು. ಗೋವಾ ಗಡಿ ಇಲ್ಲೇ ಇದೆ, ನಿಜ. ಆದರೆ ನಮ್ಮ ಕೌಂಟರಿನಲ್ಲಿ ಇರುವ ಬಾಟಲಿ ಕೆಎಸ್‌ಬಿಸಿಎಲ್ (ರಾಜ್ಯ ಸರ್ಕಾರದ ಮದ್ಯ ನಿಗಮ) ಡಿಪೋದಿಂದಲೇ ಬಂದಿರಬೇಕು. ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ತಂದು ಲೈಸೆನ್ಸ್ ಕಳೆದುಕೊಳ್ಳುವ ಆಸೆ ನನಗಿರಲಿಲ್ಲ. ಫೆನಿಯಲ್ಲಿ ಜನ ಹುಡುಕುವುದು ಆ ಗೇರುಹಣ್ಣಿನ ವಾಸನೆಯನ್ನೇ ಅಲ್ವಾ? ಹಾಗಾದರೆ ಹಣ್ಣಿನಿಂದಲೇ ಶುರು ಮಾಡೋಣ ಅನಿಸಿತು.

ಗೇರುಹಣ್ಣಿನ ರಸ ಹಿಂಡುವುದು ಸುಲಭ, ಕುಡಿಯುವುದು ಕಷ್ಟ. ಗಂಟಲು ಹಿಡಿದುಕೊಳ್ಳುತ್ತದೆ. ಅದಕ್ಕೆ ಮದ್ದು ಗಂಜಿ ತಿಳಿ. ಒಂದು ಲೀಟರ್ ರಸಕ್ಕೆ ಸಣ್ಣ ಲೋಟದಷ್ಟು ತಣ್ಣನೆಯ ಗಂಜಿ ತಿಳಿ ಹಾಕಿ, ಕಲಕಿ, ಸುಮ್ನೆ ಬಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಒಗರೆಲ್ಲ ಮೋಡದ ಹಾಗೆ ಗಟ್ಟಿಯಾಗಿ ತಳಕ್ಕೆ ಇಳಿಯಿತು. ಮೇಲಿನ ತಿಳಿಯನ್ನು ಪಂಚೆ ಬಟ್ಟೆಯಲ್ಲಿ ಸೋಸಿ ಕೂಡಲೇ ಫ್ರಿಜ್ಜಿಗಿಟ್ಟೆ. ಹೊರಗಿಟ್ಟರೆ ಸಂಜೆಯೊಳಗೆ ಹುಳಿಯುತ್ತದೆ. ಒಂದು ಗ್ಲಾಸಿಗೆ 60 ಎಂಎಲ್ ಬಿಳಿ ರಮ್, 60 ಎಂಎಲ್ ಈ ರಸ, 15 ಎಂಎಲ್ ನಿಂಬೆರಸ, ಸಿಹಿ ನೋಡಿಕೊಂಡು ಒಂಚೂರು ಸಕ್ಕರೆ ಪಾಕ. ಅಂಚಿಗೆ ಉಪ್ಪು, ಖಾರದಪುಡಿ.

ಮುರುಗಲಿನಲ್ಲಿ, ಅಂದರೆ ಕೋಕಂ ಹಣ್ಣಿನಲ್ಲಿ, ನಾನೇ ಎಡವಿದೆ. ಪ್ರಯೋಗಕ್ಕೆಂದು ಅಡುಗೆಮನೆಯ ಡಬ್ಬಿಯಲ್ಲಿದ್ದ ಒಣ ಸಿಪ್ಪೆ ನೆನೆಸಿ ಪಾಕ ಮಾಡಿದೆ. ಸಾರಿಗೆಂದು ಒಣಗಿಸಿದ ಸಿಪ್ಪೆ, ಉಪ್ಪು ಹಾಕಿಯೇ ಇಟ್ಟಿದ್ದರು. ಜಿನ್ ಜೊತೆ ಸೇರಿದಾಗ ಸಮುದ್ರದ ನೀರು ಕುಡಿದ ಹಾಗಾಯಿತು. ಆಮೇಲೆ ಹಿತ್ತಲಿನ ತಾಜಾ ಹಣ್ಣಿನ ಸಿಪ್ಪೆಯನ್ನು ಸಕ್ಕರೆಯ ಜೊತೆ ಪದರ ಪದರವಾಗಿ ಭರಣಿಗೆ ತುಂಬಿ ಬಿಸಿಲಿಗಿಟ್ಟೆ. ವಾರದಲ್ಲಿ ಕಡುಕೆಂಪು ಪಾಕ ಬಿಟ್ಟುಕೊಂಡಿತು. 60 ಜಿನ್‌ಗೆ 25 ಪಾಕ, ಮೇಲೆ ಸೋಡಾ. ನಿಂಬೆ ಬೇಡವೇ ಬೇಡ, ಹುಳಿ ಅದರಲ್ಲೇ ಇದೆ. ಮೂರನೆಯದು ಕಪ್ಪು ರಮ್, ಶುಂಠಿ, ಶಿರಸಿ ಕಡೆಯ ಜೋನಿ (ದ್ರವ) ಬೆಲ್ಲ. ಬೆಲ್ಲಕ್ಕೆ ಅಷ್ಟೇ ಬಿಸಿನೀರು ಬೆರೆಸಿ ತೆಳು ಮಾಡಿಕೊಂಡರೆ ಕೆಲಸ ಮುಗಿಯಿತು.

ಇದೆಲ್ಲಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಐಸ್. ಬಂದರಿನ ಊರು, ಐಸಿಗೇನು ಬರ ಅನಿಸಬಹುದು. ಆದರೆ ಮೀನಿಗೆ ಹಾಕುವ ಐಸನ್ನು ಗ್ಲಾಸಿಗೆ ಹಾಕಲಾಗದು. ಬಾರಿನ ಫ್ರಿಜ್ಜಿನ ಐಸ್ ಬೆರಳ ತುದಿಯಷ್ಟು, ಎರಡು ಗುಟುಕಿಗೆ ನೀರು. ಮೂರು ದಿನ ಮೊದಲೇ ನೀರು ಕುದಿಸಿ ಆರಿಸಿ, ಸ್ಟೀಲ್ ಡಬ್ಬಿಗಳಲ್ಲಿ ಗಟ್ಟಿ ಮಾಡಿಟ್ಟೆ. ಆ ದಿನ ಬಟ್ಟೆ ಸುತ್ತಿ ಸುತ್ತಿಗೆಯಿಂದ ಒಡೆದೆ. ಅಡುಗೆಮನೆಯ ಅಕ್ಕ ನೋಡಿ, "ತಮ್ಮಾ, ತೆಂಗಿನಕಾಯಿ ಒಡೆಯೋದು ಹಾಗಲ್ಲ" ಅಂದರು.

ತಟ್ಟೆಗಳನ್ನು ಪೂರ್ತಿ ಅಕ್ಕನಿಗೆ ಬಿಟ್ಟಿದ್ದೆ, ತಿಸರೆ (ಚಿಪ್ಪಿನ ಮೀನು) ಒಂದನ್ನು ಬಿಟ್ಟು. ಅದನ್ನು ಕಲಿಯಬೇಕೆಂದು ಪಕ್ಕದಲ್ಲೇ ನಿಂತೆ. ಬೆಳಿಗ್ಗೆಯೇ ಉಪ್ಪುನೀರಿನಲ್ಲಿ ಮೂರು ತಾಸು ನೆನೆಸಿ ಮರಳು ಉಗುಳಿಸಿದರು. ಆಮೇಲೆ ಮುಚ್ಚಿ ಬೇಯಿಸಿ, ಬಾಯಿ ಬಿಡದವನ್ನು ಎಸೆದರು. ಖಾಲಿ ಚಿಪ್ಪು ತೆಗೆದು ಮಾಂಸ ಇರುವ ಅರ್ಧ ಚಿಪ್ಪನ್ನಷ್ಟೇ ಉಳಿಸಿಕೊಂಡರು. ಬಿಟ್ಟ ನೀರನ್ನು ಸೋಸಿ ಮಸಾಲೆಗೇ ಹಾಕಿದರು, ಬೇರೆ ಉಪ್ಪು ಹಾಕಲಿಲ್ಲ. ಹುರಿದ ಕಾಯಿತುರಿ, ಕೊತ್ತಂಬರಿ, ಒಣಮೆಣಸು. ತಟ್ಟೆಗೆ ಹನ್ನೆರಡು ಚಿಪ್ಪು. ಉಳಿದವು ರವೆ ಹಚ್ಚಿ ಹುರಿದ ಸಣ್ಣ ಕಾಣೆ ಮೀನು, ಉಪ್ಪು-ಹುಳಿ ಹಾಕಿದ ಕುಮಟಾ ಈರುಳ್ಳಿ, ಒಣಸಿಗಡಿ ಕಿಸ್ಮೂರಿ (ಕಾಯಿತುರಿ ಬೆರೆಸಿದ ಒಣ ಪಲ್ಯದಂಥದ್ದು). ಕಿಸ್ಮೂರಿಯನ್ನು ಹಲಸಿನ ಹಪ್ಪಳದ ಮೇಲೆ ಹಾಕಿ ಕೊಡುವುದು ನನ್ನ ಐಡಿಯಾ. ಟೇಬಲ್ ಮುಟ್ಟುವ ಹೊತ್ತಿಗೆ ಹಪ್ಪಳ ಮೆತ್ತಗಾಗಿತ್ತು. ಎರಡನೇ ಸುತ್ತಿನಿಂದ ಬೇರೆ ಬೇರೆಯಾಗಿ ಕೊಟ್ಟೆವು.

ಏಳು ಗಂಟೆಗೆ ಮೊದಲ ಟೇಬಲ್ಲಿನಲ್ಲೇ ಜಗಳ. ದಿನಾ ಬರುವ ಹಿರಿಯರೊಬ್ಬರು ಗ್ಲಾಸ್ ಎತ್ತಿ ಹಿಡಿದು, "ಏ ತಮ್ಮಾ, ಐಸೇ ತುಂಬಿದ್ದೀಯಲ್ಲ, ಮಾಲೆಲ್ಲಿ?" ಅಂದರು. ಅವರ ಮಾತಲ್ಲೂ ಅರ್ಥವಿದೆ, ಐಸಿನ ಹೆಸರಲ್ಲಿ ಎಷ್ಟು ಕಡೆ ಮೋಸ ಆಗುವುದಿಲ್ಲ! ದೊಡ್ಡ ಐಸ್ ಜಾಸ್ತಿ ಇದ್ದಷ್ಟೂ ನಿಧಾನ ಕರಗುತ್ತದೆ, ಕುಡಿಯೋದು ನೀರಾಗೋದಿಲ್ಲ ಎಂದು ವಿವರಿಸಲು ಹೋದೆ. ಅವರು ಕೇಳುವ ಪೈಕಿ ಅಲ್ಲ. ಕೊನೆಗೆ ಅಳತೆಯ ಪೆಗ್ ಟೇಬಲ್ಲಿಗೇ ತಂದು, ಖಾಲಿ ಗ್ಲಾಸಿಗೆ ಅವರ ಕಣ್ಣೆದುರೇ 60 ಸುರಿದು, ಆಮೇಲೆ ಐಸ್ ಹಾಕಿದೆ. ಅವತ್ತು ಎಲ್ಲ ಟೇಬಲ್ಲಿಗೂ ಹೀಗೇ ಮಾಡಬೇಕಾಯಿತು. ಕೈ ನಿಧಾನವಾಯಿತು, ಆದರೆ ಜನ ನೋಡಿ ಖುಷಿಪಟ್ಟರು. ಎರಡನೇ ಗ್ಲಾಸಿಗೆ ಮಾತು 2024ರಲ್ಲಿ ಕಾಳಿ ನದಿಯ ಸೇತುವೆ ಕುಸಿದ ರಾತ್ರಿಗೆ ಹೊರಳಿತು. ಇಲ್ಲಿ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬರುತ್ತದೆ.

ಗೇರುಹಣ್ಣಿನದು ಒಂಬತ್ತಕ್ಕೇ ಖಾಲಿ. ಬೆಲ್ಲದ ರಮ್ ಯಾರಿಗೂ ಅಷ್ಟು ಹಿಡಿಸಲಿಲ್ಲ, ಸಿಹಿ ಜಾಸ್ತಿಯಾಯಿತು ಅಂದರು. ಸರಿಯೇ, ಮುಂದಿನ ಸಲ ಅರ್ಧಕ್ಕೆ ಇಳಿಸುತ್ತೇನೆ. ತಿಸರೆ ಎರಡು ಸಲ ಕೇಳಿದ ಟೇಬಲ್ ನಾಲ್ಕು. ಸಣ್ಣ ತಟ್ಟೆ ನೋಡಿ ಮೂಗು ಮುರಿದವರೇ ನಾಲ್ಕೂ ಬಗೆಯನ್ನು ತಿಂದು ಎದ್ದರು.

ಮಾವ ಮರುದಿನ ಲೆಕ್ಕದ ಪುಸ್ತಕ ಮುಚ್ಚಿ ಕೇಳಿದ್ದು ಒಂದೇ: "ಜೂನ್ 1ಕ್ಕೆ ಮೀನುಗಾರಿಕೆ ಬಂದ್, ಬೋಟು ನಿಲ್ತಾವೆ. ಜುಲೈ ಮುಗಿಯೋ ತನಕ ಏನು ಕೊಡ್ತೀ?" ಅಕ್ಕ ಒಣಮೀನಿನ ಡಬ್ಬಿ ಹೊರಗೆ ತೆಗೆದಿಟ್ಟಿದ್ದಾರೆ. ನಾನು ಐಸಿಗೆ ಇನ್ನೂ ನಾಲ್ಕು ಸ್ಟೀಲ್ ಡಬ್ಬಿ ತಂದಿದ್ದೇನೆ.