ಅಂಗಡಿಯಲ್ಲಿ ಬೆಕ್ಕಿದ್ದರೆ ಇಲಿಪಾಷಾಣ ಬೇಡವೇ ಬೇಡ

ಕಿರಾಣಿ ಅಂಗಡಿಯಲ್ಲಿ ಬೆಕ್ಕು ಸಾಕಿರುವವರು ದಯವಿಟ್ಟು ಇಲಿಪಾಷಾಣ ಇಡಬೇಡಿ. ಬೆಕ್ಕು ಅದನ್ನು ಮೂಸಲ್ಲ ಅಲ್ವಾ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಕೇಕ್ ಥರದ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅಂಥದ್ದೇ ಬೆಕ್ಕಿಗೆ ಸುಲಭವಾಗಿ ಸಿಗೋದು, ಜೊತೆಗೆ ವಿಷವೂ ಹೊಟ್ಟೆಗೆ ಹೋಗುತ್ತದೆ.

ನಮ್ಮ ಬೆಕ್ಕು ಕರಿಯ ಒಂದು ಬೆಳಿಗ್ಗೆ ಅಕ್ಕಿ ಮೂಟೆಗಳ ಸಂದಿಯಲ್ಲಿ ಮುದುರಿ ಕೂತಿದ್ದ. ತುಟಿ ಎತ್ತಿ ನೋಡಿದರೆ ಒಸಡು ಬೆಳ್ಳಗೆ ಬಿಳಿಚಿಕೊಂಡಿತ್ತು. ಡಾಕ್ಟರು ಆ ವಿಷಕ್ಕೆ ಮದ್ದಾದ ವಿಟಮಿನ್ ಕೆ ಶುರು ಮಾಡಿದರು. ವಾರಗಟ್ಟಲೆ ಮಾತ್ರೆ ನುಂಗಿಸಿದೆವು. ಪುಣ್ಯಕ್ಕೆ ಉಳಿದುಕೊಂಡ.

ಈಗ ಬೋನು ಮಾತ್ರ. ಒಳಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸುತ್ತೇವೆ, ವಾಸನೆಗೆ ಇಲಿ ಬಂದೇ ಬರುತ್ತದೆ. ಮೂಟೆಗಳು ಮರದ ಹಲಗೆ ಮೇಲೆ, ಗೋಡೆಯಿಂದ ಪೊರಕೆ ಆಡುವಷ್ಟು ದೂರ. ಬಿಡಿಯಾಗಿ ಮಾರುವ ಬೇಳೆ, ಬೆಲ್ಲಕ್ಕೆ ಬಿಗಿ ಮುಚ್ಚಳ ಇರಲಿ, ಬೆಕ್ಕಿನ ಕೂದಲೂ ಬೀಳುವುದಿಲ್ಲ.

ನಾಯಿ ಇರುವವರು ಒಣದ್ರಾಕ್ಷಿ, ಚಾಕೊಲೇಟ್ ಡಬ್ಬಿಗಳನ್ನು ಮೇಲಿನ ಅರೆಗೆ ಏರಿಸಿ. ದ್ರಾಕ್ಷಿ ನಾಯಿಗಳ ಕಿಡ್ನಿಗೆ ವಿಷ. ಗಿರಾಕಿಗಳ ಮಕ್ಕಳು ಬೆಕ್ಕು, ನಾಯಿಯನ್ನು ಮುಟ್ಟುತ್ತಲೇ ಇರುತ್ತಾರೆ, ಅವುಗಳ ರೇಬೀಸ್ ಲಸಿಕೆಯ ತಾರೀಖನ್ನು ಗಲ್ಲಾಪೆಟ್ಟಿಗೆ ಮೇಲೆಯೇ ಅಂಟಿಸಿಡಿ.